ಕೈಟ್ ಉಬುಂಟುವಿನಲ್ಲಿ ಹಳೆಯ ನುಡಿ ಓಡಿಸುವುದು ಹೇಗೆ? ಪೇಜ್‌ಮೇಕರ್ ಫೈಲುಗಳೂ ಉಂಟು

ಬದಿಯಡ್ಕ_ಟೀಚರ್:
ನಮಸ್ಕಾರ. ಶಾಲೆಯ ಲ್ಯಾಪ್‌ಟಾಪುಗಳಲ್ಲಿರುವುದು ಉಬುಂಟು 22.04 ಆಧಾರದ, ಕೇರಳದ ಶಾಲೆಗಳಿಗಾಗಿ ಕೈಟ್ ಸಂಸ್ಥೆ ಕೊಡುವ ಕೈಟ್ ಗ್ನೂ/ಲಿನಕ್ಸ್, ಮೆಮೊರಿ 4 ಜಿಬಿ. ಕನ್ನಡ ಮಾಧ್ಯಮದ ಹಳೆಯ ಪ್ರಶ್ನೆಪತ್ರಿಕೆ, ಪಿಟಿಎ ನೋಟೀಸು ಎಲ್ಲ ನುಡಿ 4.0 ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು. ಲಿಬ್ರೆ ಆಫೀಸಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಕಲಸುಮೇಲೋಗರ. ವೈನ್ ಹಾಕಿ ನುಡಿ ಇನ್‌ಸ್ಟಾಲ್ ಮಾಡಿ ಆಯಿತು. ನುಡಿ ತೆರೆಯುತ್ತದೆ, ಆದರೆ ಲಿಬ್ರೆ ಆಫೀಸಿನಲ್ಲಿ ಟೈಪ್ ಮಾಡಿದರೆ ಇಂಗ್ಲಿಷೇ ಬರ್ತದೆ. ಸ್ಮರಣ ಸಂಚಿಕೆಯ ಪುಟ ವಿನ್ಯಾಸ ಮಾಡಿದ ಪೇಜ್‌ಮೇಕರ್ ಫೈಲುಗಳೂ ಉಂಟು. ವೈನಿನಲ್ಲೇ ಸರಿಮಾಡಬಹುದಾ, ಲಿನಕ್ಸಿನೊಳಗೆ ಪೂರ್ತಿ ವಿಂಡೋಸನ್ನೇ ಓಡಿಸುವ ವರ್ಚುವಲ್‌ಬಾಕ್ಸ್ ಬೇಕಾ?

ಪಯಸ್ವಿನಿ:
ಟೀಚರ್, ವೈನ್ ಕೆಟ್ಟದ್ದಲ್ಲ, ಅದರ ಸ್ವಭಾವವೇ ಅಷ್ಟು. ವಿಂಡೋಸ್ ಪ್ರೋಗ್ರಾಮು ಫೈಲ್ ತೆರೆ, ಅಕ್ಷರ ಬಿಡಿಸು ಅಂತ ಕೇಳುವುದನ್ನೆಲ್ಲ ವೈನ್ ಲಿನಕ್ಸಿಗೆ ಅರ್ಥವಾಗುವ ಹಾಗೆ ಮಾಡಿ ದಾಟಿಸುತ್ತದೆ. ನುಡಿಯ ಕೀಬೋರ್ಡ್ ಎಂಜಿನ್ ಒತ್ತಿದ ಕೀಯನ್ನು ನಡುವೆ ಹಿಡಿದು ಕನ್ನಡ ಮಾಡುವಂಥದ್ದು. ವೈನಿನೊಳಗೆ ಅದು ಹಿಡಿಯಲು ಸಾಧ್ಯವಿರುವುದು ವೈನಿನಲ್ಲೇ ಓಡುವ ಕಿಟಕಿಗಳ ಕೀಗಳನ್ನು ಮಾತ್ರ. ನಿಮ್ಮ ಲಿಬ್ರೆ ಆಫೀಸು ಲಿನಕ್ಸಿನದ್ದು, ಅದು ನುಡಿಯ ಕೈಗೆ ಸಿಗುವುದಿಲ್ಲ. ಎಷ್ಟು ಸೆಟ್ಟಿಂಗ್ ಬದಲಾಯಿಸಿದರೂ ಅಷ್ಟೆ.

ಟೈಪಿಂಗಿಗೆ ನುಡಿ ಬೇಕಾಗಿಯೇ ಇಲ್ಲ. ಅದೇ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿ ವಿನ್ಯಾಸ ಲಿನಕ್ಸಿನಲ್ಲಿ ಉಂಟು. ಸಿನಾಪ್ಟಿಕ್‌ನಲ್ಲಿ ‘ಐಬಸ್ ಎಮ್17ಎನ್’ ಪ್ಯಾಕೇಜ್ ಹಾಕಿ, ಲಾಗ್ ಔಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್ → ಇನ್‌ಪುಟ್ ಮೆಥಡ್ → ಆಡ್ → ಕನ್ನಡ → ಕೆಜಿಪಿ. ಒತ್ತಕ್ಷರಕ್ಕೆ ನುಡಿಯಲ್ಲಿ ಇದ್ದ ಹಾಗೆಯೇ ಎಫ್ ಕೀ. ಬರುವುದು ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಸಂಕೇತ), ಆದ್ದರಿಂದ ನುಡಿ ಫಾಂಟ್ ಆರಿಸಬೇಡಿ. ನೋಟೊ ಅಥವಾ ಲೋಹಿತ್ ಸಾಕು, ಸ್ವಲ್ಪ ಬೇರೆ ರೂಪ ಬೇಕಾದರೆ ಗುಬ್ಬಿ, ನವಿಲು ಉಂಟು.

ಇನ್ನು ಹಳೆಯ ಫೈಲು. ಅದರಲ್ಲಿ ಕನ್ನಡವೇ ಇಲ್ಲ ಅಂತ ತಿಳಿಯಿರಿ. ‘ಕನ್ನಡ’ ಅಂತ ಟೈಪ್ ಮಾಡಿದ್ದು ಫೈಲಿನೊಳಗೆ ದೊಡ್ಡ ಪಿ, ತಲೆಗೆ ಗೆರೆ ಇರುವ ಎ, ಪೌಂಡ್ ಚಿಹ್ನೆ ಹೀಗೆ ಕೂತಿರುತ್ತದೆ. ನುಡಿ ಫಾಂಟು ಆ ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬಿಡಿಸುತ್ತದೆ. ಓದಲು, ಪ್ರಿಂಟ್ ತೆಗೆಯಲು ಫಾಂಟ್ ಒಂದಿದ್ದರೆ ಸಾಕು. ವೈನಿನಲ್ಲಿ ನುಡಿ ಹಾಕಿದ್ದೀರಲ್ಲ, ಫಾಂಟುಗಳು ಅಲ್ಲೇ ಸಿಗಬೇಕು. ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಎಚ್ ಒತ್ತಿದರೆ ಅಡಗಿದ ‘ಡಾಟ್ ವೈನ್’ ಕಾಣುತ್ತದೆ. ಅದರೊಳಗೆ ಡ್ರೈವ್ ಸಿ → ವಿಂಡೋಸ್ → ಫಾಂಟ್ಸ್. ‘ನುಡಿ 01 ಇ’ ಮೊದಲಾದವನ್ನು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ, ಲಿಬ್ರೆ ಆಫೀಸನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಅಕ್ಷರದಚ್ಚು:
ಮೇಲಿನದ್ದಕ್ಕೆ ಸೇರಿಸುತ್ತೇನೆ. ಮುಂದಿನ ವರ್ಷವೂ ತಿದ್ದಿ ಬಳಸುವ ಫೈಲುಗಳನ್ನು ಯೂನಿಕೋಡಿಗೆ ಪರಿವರ್ತಿಸಿಬಿಡಿ. ಇಡೀ ಪುಟ ಒಟ್ಟಿಗೆ ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಿದರೆ ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳೂ, ಗಣಿತದ ಎ, ಬಿ, ಎಕ್ಸ್‌ಗಳೂ ಕನ್ನಡದ ಚೂರುಗಳಾಗುತ್ತವೆ. ಆದ್ದರಿಂದ ಲಿಬ್ರೆ ಆಫೀಸಿನ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಅದರ್ ಆಪ್ಷನ್ಸ್ → ಫಾರ್ಮ್ಯಾಟ್ ಒತ್ತಿ ನುಡಿ ಫಾಂಟ್ ಆರಿಸಿ, ಫೈಂಡ್ ಆಲ್ ಕೊಡಿ. ನುಡಿಯಲ್ಲಿರುವ ಭಾಗ ಮಾತ್ರ ಆಯ್ಕೆಯಾಗುತ್ತದೆ. ಅದನ್ನು ನೋಡಿಕೊಂಡು ತುಂಡು ತುಂಡಾಗಿ ಪರಿವರ್ತಿಸಿ.

ಆದಮೇಲೆ ಅರ್ಕಾವತ್ತು ನೋಡಲೇಬೇಕು. ಹಳೆಯ ಪದ್ಧತಿಯಲ್ಲಿ ಅದು ಕಣ್ಣಿಗೆ ಕಂಡ ಹಾಗೆ, ಅಕ್ಷರದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರ ಮೊದಲು. ಚೆನ್ನಾಗಿಲ್ಲದ ಪರಿವರ್ತಕ ಇಲ್ಲಿಯೇ ಎಡವುವುದು. ವರ್ಷ, ಮಾರ್ಚ್, ಕಾರ್ಯಕ್ರಮ, ಪ್ರಾರ್ಥನೆ ಈ ನಾಲ್ಕು ಪದ ಹುಡುಕಿ ನೋಡಿದರೆ ಅಂದಾಜು ಸಿಗುತ್ತದೆ. ‘ರ‍್ಯಾಂಕ್’ ಥರದ್ದನ್ನು ಕೈಯಲ್ಲೇ ತಿದ್ದಬೇಕಾಗಬಹುದು.

ಪೇಜ್‌ಮೇಕರಿಗೆ ಮೊದಲು ಪುಕ್ಕಟೆ ದಾರಿ ನೋಡಿ. 4.4ರಿಂದ ಮುಂದಿನ ಲಿಬ್ರೆ ಆಫೀಸ್ ಪೇಜ್‌ಮೇಕರ್ ಫೈಲನ್ನು ಡ್ರಾದಲ್ಲಿ ತೆರೆಯುತ್ತದೆ. ಪಠ್ಯ ಸಿಗುತ್ತದೆ, ಆದರೆ ಪುಟ ಇದ್ದ ಹಾಗೆ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಪ್ರೆಸ್ಸಿನವರು ಬೇರೆ ಕಂಪೆನಿಯ ಫಾಂಟ್ ಬಳಸಿದ್ದರೆ ನುಡಿ ಫಾಂಟ್ ಹಾಕಿ ಏನೂ ಪ್ರಯೋಜನವಿಲ್ಲ. ಒಂದೊಂದು ಕಂಪೆನಿಯ ಚಿಹ್ನೆ-ಅಕ್ಷರ ಪಟ್ಟಿ ಒಂದೊಂದು ಥರ.

ಪ್ರೆಸ್ಸಿನ ಲಿಪಿ ತಂತ್ರಾಂಶಕ್ಕೆ ಯುಎಸ್‌ಬಿ ಡಾಂಗಲ್ (ಚುಚ್ಚಿದರೆ ಮಾತ್ರ ತಂತ್ರಾಂಶ ತೆರೆಯುವ ಕೀಲಿ) ಉಂಟು ಅಂತಾದರೆ ವೈನಿನ ಹಿಂದೆ ಬೀಳಬೇಡಿ. ಡಾಂಗಲಿನ ಡ್ರೈವರ್ ವಿಂಡೋಸ್ ಕರ್ನಲ್ಲಿನ ಒಳಗೆ ಕೂರುವಂಥದ್ದು, ವೈನಿನಲ್ಲಿ ಆ ಕರ್ನಲ್ಲೇ ಇಲ್ಲ. ಅಲ್ಲಿ ಮಾತ್ರ ವರ್ಚುವಲ್‌ಬಾಕ್ಸ್. ನಿಮ್ಮ 4 ಜಿಬಿಯಲ್ಲಿ 32 ಬಿಟ್ ವಿಂಡೋಸ್ 7 ಹಾಕಬಹುದು: ಮೆಮೊರಿ ಕನಿಷ್ಠ 1 ಜಿಬಿ, ಒಂದೂವರೆ ಕೊಟ್ಟರೆ ಒಳ್ಳೆಯದು, ಡಿಸ್ಕ್ 25 ಜಿಬಿ. ಬಯೋಸಿನಲ್ಲಿ ವರ್ಚುವಲೈಸೇಶನ್ ಆನ್ ಇರಬೇಕು. ಡಾಂಗಲ್ ಪಟ್ಟಿಯಲ್ಲಿ ಕಾಣದಿದ್ದರೆ ನಿಮ್ಮ ಯೂಸರ್ ಹೆಸರು ‘ವಿಬಾಕ್ಸ್ ಯೂಸರ್ಸ್’ ಗುಂಪಿನಲ್ಲಿ ಇಲ್ಲ ಅಂತ ಅರ್ಥ. ಸೇರಿಸಿ, ಮತ್ತೆ ಲಾಗಿನ್ ಆಗಿ. 22.04ರ ಜೊತೆ ಬರುವ ವರ್ಚುವಲ್‌ಬಾಕ್ಸ್ 6.1ರಲ್ಲಿ ಯುಎಸ್‌ಬಿ 2.0ಕ್ಕೆ ಎಕ್ಸ್‌ಟೆನ್ಶನ್ ಪ್ಯಾಕ್ ಬೇರೆ ಹಾಕಬೇಕು, ಆದರೆ ಡಾಂಗಲಿಗೆ 1.1 ಧಾರಾಳ. ವಿಂಡೋಸ್ ಲೈಸೆನ್ಸ್ ಪ್ರತ್ಯೇಕ ಬೇಕು. 2020ರ ಜನವರಿ 14ಕ್ಕೆ ವಿಂಡೋಸ್ 7ರ ಸಾಮಾನ್ಯ ಸುರಕ್ಷತಾ ಅಪ್‌ಡೇಟ್ ನಿಂತಿದೆ, ಹಾಗಾಗಿ ಒಳಗಿನ ನೆಟ್‌ವರ್ಕ್ ಬಂದ್ ಮಾಡಿ.

ಬದಿಯಡ್ಕ_ಟೀಚರ್:
ಫಾಂಟ್ ಹಾಕಿದ ಕೂಡಲೇ ಪ್ರಶ್ನೆಪತ್ರಿಕೆ ಸರಿಯಾಗಿ ಕಂಡಿತು. ಒಂದು ವಿಚಿತ್ರ: ‘ಚಿತ್ರ ನೋಡಿ ಬರೆಯಿರಿ’ ಎಂಬ ಸಾಲಿನಲ್ಲಿ ಮೊದಲ ಪದ ಆದಮೇಲೆ ಸ್ಪೇಸ್ ಒತ್ತಿದರೆ ‘ಚಿ’ ಹೋಗಿ ಸೊನ್ನೆ ಬರ್ತದೆ. ಫಾಂಟ್ ಹಾಳಾಗಿದೆಯಾ?

ಪಯಸ್ವಿನಿ:
ಫಾಂಟಿಗೆ ಏನೂ ಆಗಿಲ್ಲ ಟೀಚರ್, ಅದು ಆಟೋಕರೆಕ್ಟಿನ ಕಿತಾಪತಿ. ನುಡಿಯಲ್ಲಿ ‘ಚಿ’ ಅಂದರೆ ಸಣ್ಣ ಎ, ಅನುಸ್ವಾರ ಅಂದರೆ ದೊಡ್ಡ ಎ. ಲಿಬ್ರೆ ಆಫೀಸ್ ಅದನ್ನು ಇಂಗ್ಲಿಷ್ ವಾಕ್ಯ ಅಂತ ತಿಳಿದು ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತದೆ. ಟೂಲ್ಸ್ → ಆಟೋಕರೆಕ್ಟ್ ಆಪ್ಷನ್ಸ್ → ಆಪ್ಷನ್ಸ್ ಟ್ಯಾಬಿನಲ್ಲಿ ವಾಕ್ಯದ ಮೊದಲ ಅಕ್ಷರ ದೊಡ್ಡದು ಮಾಡುವುದು, ಎರಡು ದೊಡ್ಡಕ್ಷರ ತಿದ್ದುವುದು ಎರಡಕ್ಕೂ ಟಿಕ್ ತೆಗೆಯಿರಿ. ಪಕ್ಕದ ಲೋಕಲೈಸ್ಡ್ ಟ್ಯಾಬಿನಲ್ಲಿ ಉದ್ಧರಣ ಚಿಹ್ನೆ ಬದಲಾಯಿಸುವುದನ್ನೂ ತೆಗೆಯಿರಿ, ಇಲ್ಲದಿದ್ದರೆ ಅಲ್ಲಿಯೂ ಇದೇ ಥರ ಅಕ್ಷರ ಬದಲಾಗಬಹುದು. ಈಗಾಗಲೇ ಸೇವ್ ಮಾಡಿದ ಫೈಲಿನಲ್ಲಿ ಸಾಲಿನ ಆರಂಭದಲ್ಲಿ ಸೊನ್ನೆ ಇದ್ದರೆ ಅದನ್ನು ಕೈಯಲ್ಲೇ ಸಣ್ಣ ಎ ಮಾಡಬೇಕು.

ಅಕ್ಷರದಚ್ಚು:
ವೈನನ್ನು ತೆಗೆಯದೆ ಇಟ್ಟುಕೊಳ್ಳುವುದಾದರೆ ಇನ್ನೊಂದು ಕೆಲಸ ಬಾಕಿ ಉಂಟು. ವೈನ್ ಕಾನ್ಫಿಗರೇಶನ್ → ಡ್ರೈವ್ಸ್‌ನಲ್ಲಿ ಜ಼ೆಡ್ ಡ್ರೈವ್ ಎಂಬುದು ನಿಮ್ಮ ಇಡೀ ಲಿನಕ್ಸಿಗೆ ಬಾಗಿಲು. ಪ್ರೆಸ್ಸಿನಿಂದ ಬಂದ ಪೆನ್‌ಡ್ರೈವಿನ ವಿಂಡೋಸ್ ವೈರಸ್ ವೈನಿನಲ್ಲೂ ಓಡಿ ಹೋಮ್ ಫೋಲ್ಡರಿಗೆ ಕೈ ಹಾಕಬಹುದು. ಜ಼ೆಡ್ ತೆಗೆದು ಬೇಕಾದ ಒಂದು ಫೋಲ್ಡರನ್ನು ಮಾತ್ರ ಇ ಡ್ರೈವ್ ಆಗಿ ಕೊಡಿ. ಸುಡೋ (ಅಡ್ಮಿನ್ ಅಧಿಕಾರ) ಹಾಕಿ ವೈನ್ ಓಡಿಸಲೇಬೇಡಿ, ಫೈಲುಗಳ ಮಾಲಿಕತ್ವ ರೂಟಿಗೆ ಹೋಗಿ ಮರುದಿನ ನಿಮ್ಮ ಲಾಗಿನ್ನಿನಲ್ಲಿ ವೈನೇ ತೆರೆಯುವುದಿಲ್ಲ.