ಮಹಡಿ ಮೇಲೆ ‘ಡಕ್ ಸೂಪ್’ ಹಾಕಿದರೆ ನಮ್ಮ ಜನ ನಗುತ್ತಾರಾ?

ಮಹಡಿ ಟಾಕೀಸ್:

ನಮಸ್ಕಾರ. ಹಾಸನದಲ್ಲಿ ನಮ್ಮ ಮನೆ ಮಹಡಿ ಮೇಲೆ ತಿಂಗಳಿಗೊಂದು ಶನಿವಾರ ಸಿನಿಮಾ ಹಾಕುತ್ತೇನೆ. ಬಿಳಿ ಪಂಚೆಯೇ ಪರದೆ. ಇಪ್ಪತ್ತು, ಇಪ್ಪತ್ತೈದು ಜನ ಸೇರುತ್ತಾರೆ. ಎರಡನೇ ಕ್ಲಾಸಿನ ಹುಡುಗಿಯಿಂದ ಹಿಡಿದು ಮಿಲಿಟರಿಯಲ್ಲಿ ಸುಬೇದಾರರಾಗಿದ್ದ ತಾತನವರೆಗೆ. ಈ ಸಲ ಅಮೆರಿಕದ ನಗೆನಟರಾದ ಮಾರ್ಕ್ಸ್ ಸಹೋದರರ 1933ರ ‘ಡಕ್ ಸೂಪ್’ ಹಾಕುವ ಆಸೆ. ಕಾಲೇಜಿನಲ್ಲಿದ್ದಾಗ ನೋಡಿ ಬಿದ್ದು ಬಿದ್ದು ನಕ್ಕಿದ್ದೆ. ಮೊನ್ನೆ ಮತ್ತೆ ಒಬ್ಬನೇ ಕೂತು ನೋಡಿದೆ. ಆಗ ಅನುಮಾನ ಶುರುವಾಯಿತು.

ನೋಡದವರಿಗೆ ಕಥೆ ಇಷ್ಟು. ಫ್ರೀಡೋನಿಯಾ ಅನ್ನುವ ದೇಶದ ಖಜಾನೆ ಖಾಲಿ. ಶ್ರೀಮಂತ ವಿಧವೆ ಮಿಸೆಸ್ ಟೀಸ್‌ಡೇಲ್ ಸಾಲ ಕೊಡುತ್ತಾಳೆ, ಆದರೆ ರೂಫಸ್ ಫೈರ್‌ಫ್ಲೈ ಎಂಬುವನನ್ನು ಗದ್ದುಗೆಗೆ ಕೂರಿಸಿದರೆ ಮಾತ್ರ. ಈ ಫೈರ್‌ಫ್ಲೈ ಅಂದರೆ ಸಹೋದರರಲ್ಲಿ ಒಬ್ಬನಾದ ಗ್ರೌಚೋ. ಬಣ್ಣದಲ್ಲಿ ಬಳಿದ ಮೀಸೆ, ಬಾಯಲ್ಲಿ ಸಿಗಾರ್. ಪಕ್ಕದ ಸಿಲ್ವೇನಿಯಾದ ರಾಯಭಾರಿ ಟ್ರೆಂಟಿನೋಗೆ ಆ ವಿಧವೆಯನ್ನು ಮದುವೆಯಾಗಿ ದೇಶ ನುಂಗುವ ಯೋಚನೆ. ಚೀಕೋ, ಹಾರ್ಪೋ ಅವನ ಗೂಢಚಾರರು. ಕೊನೆಗೆ ಯುದ್ಧ.

ನನ್ನ ತಲೆಬಿಸಿ ಎರಡು. ಗ್ರೌಚೋ ಮಾತೆಲ್ಲ ಇಂಗ್ಲಿಷಿನ ಶಬ್ದದಾಟ. ನಾನು ಪಕ್ಕದಲ್ಲಿ ನಿಂತು ಮೈಕಿನಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. ಇನ್ನೊಂದು, ಯುದ್ಧದಲ್ಲಿ ಫೈರ್‌ಫ್ಲೈ ಮಷೀನ್ ಗನ್ ಹಿಡಿದು ತನ್ನದೇ ಸೈನಿಕರ ಮೇಲೆ ಗುಂಡು ಹಾರಿಸುತ್ತಾನೆ. ಅದು ಗೊತ್ತಾದ ಮೇಲೆ ಬಾಯಿ ಬಿಡಬೇಡ ಅಂತ ಸೆಕ್ರೆಟರಿಗೆ ಐದು ಡಾಲರ್ ಕೊಡುತ್ತಾನೆ. ತಕ್ಷಣ ಅದನ್ನೂ ಕಿತ್ತುಕೊಂಡು ತನ್ನ ಟೋಪಿಯೊಳಗೇ ಇಟ್ಟುಕೊಳ್ಳುತ್ತಾನೆ. ಸುಬೇದಾರ್ ತಾತ ಕೂರುವುದು ಮೊದಲ ಸಾಲಿನಲ್ಲಿ. ಹಾಕಲಾ? ಅಥವಾ ಸುಮ್ನೆ ಚಾಪ್ಲಿನ್‌ನ ‘ದಿ ಗ್ರೇಟ್ ಡಿಕ್ಟೇಟರ್’ ಹಾಕಿಬಿಡಲಾ?

ಭೂಗೋಳದ ಬಲೂನು:

ಚಾಪ್ಲಿನ್ನೇ ಹಾಕಿ ಸಾರ್. ಹಿಟ್ಲರನ ಅಣಕವಾದ ಹಿಂಕೆಲ್ ಭೂಗೋಳದ ಬಲೂನನ್ನು ಹಿಂಬದಿಯಿಂದ ತಳ್ಳಿ ಆಡುವುದಕ್ಕೆ ಯಾವ ಅನುವಾದ ಬೇಕು? ಅವನ ಭಾಷಣ ಜರ್ಮನ್ ಥರ ಕೇಳಿಸುವ ಬರೀ ಗೊಣಗಾಟ. ಅದು ಇಂಗ್ಲಿಷಿನವರಿಗೂ ಅರ್ಥವಾಗಲ್ಲ, ನಮಗೂ ಆಗಲ್ಲ. ಎಲ್ಲರೂ ಸಮ. ಅಲ್ಲಿ ಬೈಯುತ್ತಿರುವುದು ಯಾರನ್ನು ಅಂತಲೂ ಸ್ಪಷ್ಟ. ‘ಡಕ್ ಸೂಪ್’ ಯಾರ ಮೇಲೆ? ಎಲ್ಲರಿಗೂ ಕಲ್ಲು ಹೊಡೆಯುತ್ತದೆ, ಯಾರಿಗೂ ತಾಗಲ್ಲ.

ಕಡಲೆಕಾಯಿ ಗಾಡಿ:

ಬಲೂನು ಅವರೇ, ಎಲ್ಲರಿಗೂ ಹೊಡೆಯುತ್ತದೆ ಅನ್ನುವುದಕ್ಕೇ ನನಗೆ ಅದು ಇಷ್ಟ. ಹಿಟ್ಲರ್ ಚಾನ್ಸಲರ್ ಆಗಿದ್ದು 1933ರ ಜನವರಿಯಲ್ಲಿ. ಈ ಸಿನಿಮಾ ಬಂದಿದ್ದು ಅದೇ ವರ್ಷ ನವೆಂಬರಿನಲ್ಲಿ. ಚಾಪ್ಲಿನ್‌ಗಿಂತ ಏಳು ವರ್ಷ ಮೊದಲು. ಇದರಲ್ಲಿ ಒಳ್ಳೆಯ ದೇಶ, ಕೆಟ್ಟ ದೇಶ ಅಂತ ಇಲ್ಲ. ಚಾಪ್ಲಿನ್ ಸಿನಿಮಾದ ಹಾಗೆ ಕೊನೆಯಲ್ಲಿ ಕ್ಯಾಮೆರಾ ಕಡೆ ತಿರುಗಿ ಬುದ್ಧಿ ಹೇಳುವ ಕ್ಷೌರಿಕನೂ ಇಲ್ಲ. ಯುದ್ಧ ಗೆದ್ದಾಗ ಮಿಸೆಸ್ ಟೀಸ್‌ಡೇಲ್ ರಾಷ್ಟ್ರಗೀತೆ ಹಾಡಲು ಬಾಯಿ ತೆರೆದರೆ ನಾಲ್ಕೂ ಜನ ಸಹೋದರರು ಅವಳಿಗೇ ಹಣ್ಣು ಎಸೆಯುತ್ತಾರೆ. ಮುಗಿಯಿತು.

ಮಹಡಿಯವರೇ, ಭಾಷೆಗೆ ಹೆದರಬೇಡಿ. ನಮ್ಮಮ್ಮನಿಗೆ ಇಂಗ್ಲಿಷ್ ಬರಲ್ಲ. ಶಿವಮೊಗ್ಗದ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ನನ್ನ ಜೊತೆ ನೋಡಿದರು. ಕನ್ನಡಿಯ ದೃಶ್ಯ ಬಂತು. ಹಾರ್ಪೋ ಗ್ರೌಚೋ ಥರವೇ ನಿಲುವಂಗಿ, ಟೋಪಿ, ಮೀಸೆ ಹಾಕಿಕೊಂಡು ಓಡುವಾಗ ದೊಡ್ಡ ಕನ್ನಡಿಗೆ ಡಿಕ್ಕಿ ಹೊಡೆದು ಪುಡಿ ಮಾಡುತ್ತಾನೆ. ಗ್ರೌಚೋ ಬಂದಾಗ ತಾನೇ ಕನ್ನಡಿಯೊಳಗಿನ ಬಿಂಬವಾಗಿ ನಿಲ್ಲುತ್ತಾನೆ. ಮಾತಿಲ್ಲ, ಸಂಗೀತವಿಲ್ಲ. ಗ್ರೌಚೋಗೆ ಇವನು ಬಿಂಬವಲ್ಲ ಅಂತ ಗೊತ್ತು. ಆದರೂ ಆಟ ಬಿಡಲ್ಲ. ‘ಬಿಂಬ’ದ ಕೈಯಿಂದ ಟೋಪಿ ಬಿದ್ದರೆ ಗ್ರೌಚೋನೇ ಎತ್ತಿ ಕೊಡುತ್ತಾನೆ. ಅಮ್ಮನ ಕೈ ಅಲ್ಲೇ ನಿಂತಿತು. ಮೊರದಲ್ಲಿದ್ದ ಕಾಯಿ ಆ ದೃಶ್ಯ ಮುಗಿಯುವವರೆಗೂ ಹಾಗೇ ಇತ್ತು. ಕಡಲೆಕಾಯಿ ಗಾಡಿಯ ಚೀಕೋ, ನಿಂಬೆ ಪಾನಕದವನ ಜಗಳವೂ ಹಾಗೆಯೇ. ಟೋಪಿ ಅದಲುಬದಲು ಮಾಡಿ ಮಾಡಿ ಆ ಮನುಷ್ಯನನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಆಮೇಲೆ ಹಾರ್ಪೋ ಪ್ಯಾಂಟ್ ಮಡಚಿಕೊಂಡು ಪಾನಕದೊಳಗೇ ಇಳಿಯುತ್ತಾನೆ. ನನ್ನ ಹೆಸರು ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ವಾ?

ಈಗ ಮಾತಿಗೆ ಬನ್ನಿ. ಕೆಲವು ಜೋಕು ಕನ್ನಡದಲ್ಲಿ ಇನ್ನೂ ಚೆನ್ನಾಗಿ ಕೂರುತ್ತವೆ. ರಣರಂಗದಿಂದ ‘ಗ್ಯಾಸ್ ದಾಳಿಯಾಗಿದೆ, ಏನು ಮಾಡಲಿ?’ ಅಂತ ಜನರಲ್ ಕೇಳುತ್ತಾನೆ. ಫೈರ್‌ಫ್ಲೈ ಹೇಳುವ ಔಷಧಿ, ಅರ್ಧ ಲೋಟ ನೀರಿಗೆ ಒಂದು ಚಮಚ ಸೋಡಾ. ‘ಗ್ಯಾಸ್ ಆಗಿದೆ’ ಅನ್ನದ ಮನೆ ನಮ್ಮಲ್ಲಿ ಯಾವುದಿದೆ? ಚೀಕೋ ಟ್ಯಾಕ್ಸ್ ಅಂದರೆ ಟೆಕ್ಸಾಸ್, ಡಾಲರ್ ಅಂದರೆ ಡಲ್ಲಾಸ್ ಅಂದುಕೊಂಡು ‘ಅಲ್ಲೇ ನಮ್ಮ ಚಿಕ್ಕಪ್ಪ ಇರುವುದು’ ಅನ್ನುತ್ತಾನೆ. ಇದನ್ನು ಬಿಡಿಸಿ ಹೇಳಬೇಕಾ? ಖಜಾನೆಯ ವರದಿ ಕೈಗೆ ಕೊಟ್ಟಾಗ ಫೈರ್‌ಫ್ಲೈ, ‘ನಾಲ್ಕು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ. ಹೋಗಿ ಒಂದು ನಾಲ್ಕು ವರ್ಷದ ಮಗು ಹುಡುಕಿಕೊಂಡು ಬನ್ನಿ, ನನಗೆ ತಲೆಬುಡ ಗೊತ್ತಾಗುತ್ತಿಲ್ಲ’ ಅನ್ನುತ್ತಾನೆ. ಕೋರ್ಟಿನ ದೃಶ್ಯದ ಆನೆ ಜೋಕು ಮಾತ್ರ ಬಿಟ್ಟುಬಿಡಿ. ಅದು ಬದುಕಲ್ಲ.

ಜಗಳಕ್ಕೆ ಮೂಲವಾದ ‘ಅಪ್‌ಸ್ಟಾರ್ಟ್’ ಅನ್ನುವ ಬೈಗುಳಕ್ಕೆ ‘ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುವವನು’ ಅನ್ನಿ. ರಾಜಿಗೆ ಬರುವ ರಾಯಭಾರಿಯ ಕೈ ಕುಲುಕಲು ಫೈರ್‌ಫ್ಲೈ ಸಿದ್ಧನಾಗುತ್ತಾನೆ. ಅವನು ಕೈ ಹಿಡಿಯದಿದ್ದರೆ? ಎಲ್ಲರ ಮುಂದೆ ನನ್ನ ಮರ್ಯಾದೆ? ಹೀಗೆ ಒಬ್ಬನೇ ಮಾತಾಡಿಕೊಂಡು, ಒಬ್ಬನೇ ಉರಿದುಕೊಂಡು, ಪಾಪ ಆಗ ತಾನೇ ಒಳಗೆ ಬಂದ ಮನುಷ್ಯನ ಕೆನ್ನೆಗೆ ಬಾರಿಸುತ್ತಾನೆ. ಯುದ್ಧ ಶುರು. ಯುದ್ಧ ಹೇಗೆ ಹುಟ್ಟುತ್ತದೆ ಅಂತ ತೋರಿಸುವ ದೃಶ್ಯಗಳಲ್ಲಿ ನಾನು ಇದನ್ನೇ ಮೊದಲು ಇಡುತ್ತೇನೆ.

ಒಂದು ಎಚ್ಚರ. ಕರಿಯ ಜನರನ್ನು ಕೀಳಾಗಿ ಕರೆಯುವ ಪದ ಇರುವ ಒಂದು ಸಾಲು ಗ್ರೌಚೋ ಬಾಯಲ್ಲಿ ಬರುತ್ತದೆ. ಆಗಿನ ಒಂದು ಹಾಡಿನ ಅಣಕ ಅದು. ಇವತ್ತು ಕೇಳಿದರೆ ಕಿವಿಗೆ ಕಸಿವಿಸಿ. ಮೈಕಿನಲ್ಲಿ ಅದನ್ನು ಹೇಳಲು ಹೋಗಬೇಡಿ. ಅಂದಹಾಗೆ ಇದು ಬರೀ 68 ನಿಮಿಷ. ಚಾಪ್ಲಿನ್‌ನದು ಎರಡು ಗಂಟೆಗೂ ಜಾಸ್ತಿ. ಮಹಡಿ ಮೇಲೆ ಸೊಳ್ಳೆ ಎಷ್ಟಿವೆ ನೋಡಿಕೊಂಡು ತೀರ್ಮಾನ ಮಾಡಿ.

ಕೊನೆ ಬೆಂಚು:

ನನಗೆ ಮೊದಲ ಅರ್ಧ ಗಂಟೆ ನಗು ಬರಲಿಲ್ಲ, ನಿಜ ಹೇಳುತ್ತೇನೆ. ಗ್ರೌಚೋ ಉಸಿರೇ ತೆಗೆದುಕೊಳ್ಳಲ್ಲ. ಯುದ್ಧದಲ್ಲಿ ಪ್ರತಿ ಸಲ ತೋರಿಸಿದಾಗ ಅವನ ಸಮವಸ್ತ್ರ ಬದಲಾಗಿರುವುದನ್ನು ಗಮನಿಸಿದ ಮೇಲೆ ಎದ್ದು ಕೂತೆ. ಅದನ್ನು ಮೈಕಿನಲ್ಲಿ ಮೊದಲೇ ಹೇಳಿಬಿಡಬೇಡಿ. ಅವರೇ ಕಂಡುಹಿಡಿಯಲಿ.

ಮಹಡಿ ಟಾಕೀಸ್:

ಹಾಕಿದೆ! ನಿನ್ನೆ ರಾತ್ರಿ. 23 ಜನ, ಎರಡು ಸೊಳ್ಳೆಬತ್ತಿ.

ಗ್ಯಾಸ್ ಜೋಕಿಗೆ ಹೆಂಗಸರ ಸಾಲು ಪೂರ್ತಿ ನಕ್ಕಿತು. ಡಲ್ಲಾಸ್ ಅಂದ ಕೂಡಲೇ ಎಲ್ಲರೂ ಎದುರು ಮನೆಯ ದಂಪತಿ ಕಡೆ ತಿರುಗಿದರು, ಅವರ ಮಗ ಇರುವುದು ಅಲ್ಲೇ. ಕನ್ನಡಿ ದೃಶ್ಯಕ್ಕೆ ನಾನು ಮೈಕ್ ಕೆಳಗಿಟ್ಟೆ. ಮುಗಿದ ಮೇಲೆ ನೋಡಿದರೆ ಎರಡನೇ ಕ್ಲಾಸಿನವಳು ಮೆಟ್ಟಿಲ ಬಾಗಿಲ ಆಚೆ, ಅವಳಣ್ಣ ಈಚೆ, ಇಬ್ಬರೂ ಅದೇ ಆಟ.

ಸುಬೇದಾರ್ ತಾತ ಸೈಡ್‌ಕಾರ್ ಬಿಟ್ಟು ಬೈಕ್ ಮಾತ್ರ ಹೊರಟುಹೋಗುವ ಕಡೆ ಜೋರಾಗಿ ನಕ್ಕರು. ತನ್ನವರಿಗೇ ಗುಂಡು ಹಾರಿಸುವ ದೃಶ್ಯದಲ್ಲಿ ನಗಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ. ಮುಗಿದ ಮೇಲೆ ಕುರ್ಚಿ ಮಡಚುತ್ತಾ ಹತ್ತಿರ ಬಂದರು. ಯುದ್ಧ ನಿಲ್ಲಿಸಿ ಅಂದಾಗ ಫೈರ್‌ಫ್ಲೈ, ‘ಆಗಲ್ಲ, ರಣರಂಗಕ್ಕೆ ಒಂದು ತಿಂಗಳ ಬಾಡಿಗೆ ಕೊಟ್ಟಾಗಿದೆ’ ಅನ್ನುತ್ತಾನಲ್ಲ, ಆ ಮಾತು ಅವರ ತಲೆಯಲ್ಲಿ ಉಳಿದಿತ್ತು.

“ಅಲ್ಲಯ್ಯಾ, ಅವನಿಗೆ ಅಡ್ವಾನ್ಸ್ ವಾಪಸ್ ಬಂತಾ?” ಅಂದರು.