ಎಂಟು ಪೈಪು, ಒಂದು ಕಾರು

ದೊಡ್ಡಪ್ಪನ ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಈಗ ಇಡೀ ಮನೆಯವರದ್ದು. 2005ರ ಕಾರು, 1.8 ಟರ್ಬೊ ಪೆಟ್ರೋಲ್, ಐದು ಗೇರು. ಹಾಸನದಲ್ಲಿ ಸುಮಕ್ಕನ ಮನೆ ಮುಂದೆ ನಿಲ್ಲುತ್ತದೆ. ತಿಂಗಳಿಗೆ ಒಬ್ಬೊಬ್ಬರು 500 ರೂಪಾಯಿ ಹಾಕುತ್ತೇವೆ. ದುಡ್ಡು ಹಾಕಿದವರಿಗೆಲ್ಲ ಮಾತಾಡುವ ಹಕ್ಕು ಇದೆ ಅಲ್ವಾ, ತೊಂದರೆ ಇರುವುದೇ ಅಲ್ಲಿ. ಹೋದ ಶನಿವಾರ, ಭಾನುವಾರ ನಮ್ಮ "ತೋಟದ ಮನೆ" ಗುಂಪಿನಲ್ಲಿ ನಡೆದದ್ದು ಇದು. ಗುಡ್ ಮಾರ್ನಿಂಗ್ ಹೂವು, ಕೈ ಮುಗಿಯುವ ಚಿತ್ರಗಳನ್ನು ತೆಗೆದಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ ಇವೆ. ಪಚ್ಚು ಅಂದರೆ ಚಿಕ್ಕಪ್ಪನ ಮಗ, ಬೆಂಗಳೂರಲ್ಲಿ ಕೆಲಸ.

ಪಚ್ಚು: (ಫೋಟೊ)

ಪಚ್ಚು: ಎಲ್ಲರೂ ನೋಡಿ. ಇಂಟರ್‌ಕೂಲರ್ ಪೈಪಿಂಗ್ ಕಿಟ್. ಎರಡೂವರೆ ಇಂಚಿನ ಅಲ್ಯೂಮಿನಿಯಂ, 8 ಪೈಪು, ನೀಲಿ ಸಿಲಿಕೋನ್ ಹೋಸು, ಕ್ಲಾಂಪು ಎಲ್ಲ ಸೇರಿ 9,400. ಈ ರೇಟು ನಾಳೆ ರಾತ್ರಿವರೆಗೆ ಮಾತ್ರ. ಕಾರಿನ ದುಡ್ಡಲ್ಲಿ ತರಿಸಲಾ?

ಅತ್ತೆ: ಏನೋ ಪುಟ್ಟ ಇದು, ಬಚ್ಚಲುಮನೆ ಪೈಪಾ?

ಪಚ್ಚು: ಕಾರಿನದ್ದು ಅತ್ತೆ. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ಇಂಟರ್‌ಕೂಲರ್ ತಣ್ಣಗೆ ಮಾಡುತ್ತದೆ. ಟರ್ಬೊದಿಂದ ಅದಕ್ಕೆ, ಅದರಿಂದ ಎಂಜಿನ್‌ಗೆ ಹೋಗುವ ಪೈಪು ಇದು. ನಮ್ಮ ಕಾರಲ್ಲಿ ಇರುವುದು 20 ವರ್ಷದ ರಬ್ಬರ್.

ಅತ್ತೆ: ಸೈಕಲ್ ಪಂಪು ಹೊಡೆದರೆ ತಳ ಸುಡುತ್ತದಲ್ಲ, ಹಂಗೆ.

ಪಚ್ಚು: ಅತ್ತೆಗೆ ಅರ್ಥವಾಯಿತು. ಇನ್ನು ಉಳಿದವರು.

ಚಿಕ್ಕಪ್ಪ: 9,400 ಕೊಟ್ಟರೆ ಏನು ಸಿಗುತ್ತದೆ?

ಪಚ್ಚು: ಅಪ್ಪ, ಪೈಪು ದಪ್ಪ ಆದರೆ ಗಾಳಿ ಜಾಸ್ತಿ. 10-15 ಎಚ್‌ಪಿ ಬರುತ್ತದೆ ಅಂತ ಬರೆದಿದ್ದಾರೆ. ಕಾರು ಈಗ ಎಳೆಯುವುದೇ ಇಲ್ಲ. ಹೋದ ವಾರ ಬಿಸಿಲೆ ಘಾಟಿಯಲ್ಲಿ ಒಂದು ಡೀಸೆಲ್ ಸ್ವಿಫ್ಟು ಹಾರ್ನ್ ಹೊಡೆದು ಮುಂದೆ ಹೋಯಿತು. ಮಾನ ಹೋಯಿತು.

ಸುಮಕ್ಕ: ಬಿಸಿಲೆಗೆ ಹೋಗಿದ್ದೆಯಾ? ಪೆಟ್ರೋಲ್ ಲೆಕ್ಕದಲ್ಲಿ "ಹಾಸನ ಪೇಟೆ" ಅಂತ ಬರೆದಿದ್ದೀಯ.

ಪಚ್ಚು: ಈಗ ವಿಷಯ ಅದಲ್ಲ ಸುಮಕ್ಕ.

ಚಿಕ್ಕಪ್ಪ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡಿ ರಿಟೈರ್ ಆದವರು. ಅವರ ಹೆಸರಿನ ಕೆಳಗೆ "ಟೈಪಿಂಗ್" ಅಂತ ಹತ್ತು ನಿಮಿಷ ತೋರಿಸಿತು. ಬಂದದ್ದು ಇಷ್ಟು.

ಚಿಕ್ಕಪ್ಪ: ಇದು 150 ಪಿಎಸ್ ಎಂಜಿನ್. ಪಿಎಸ್ ಅಂದರೆ ಹೆಚ್ಚುಕಡಿಮೆ ಎಚ್‌ಪಿಯೇ. ಪೂರ್ತಿ ತುಳಿದಾಗ ಸೆಕೆಂಡಿಗೆ ಹೆಚ್ಚುಕಡಿಮೆ 110 ಗ್ರಾಂ ಗಾಳಿ ಬೇಕು. ಬೂಸ್ಟ್, ಅಂದರೆ ಟರ್ಬೊ ಕೊಡುವ ಒತ್ತಡ, 0.6 ಬಾರ್, ಗಾಳಿ 50 ಡಿಗ್ರಿ ಅಂತ ಇಟ್ಟುಕೊ. ಈಗಿರುವ ಪೈಪು ಸುಮಾರು 2 ಇಂಚು. ಅದರಲ್ಲಿ ಗಾಳಿ ಗಂಟೆಗೆ 115 ಕಿ.ಮೀ. ವೇಗದಲ್ಲಿ ಓಡುತ್ತದೆ. ನಿನ್ನ ಎರಡೂವರೆ ಇಂಚಿನಲ್ಲಿ 70 ಚಿಲ್ಲರೆ. ಶಬ್ದದ ವೇಗದ 0.4 ಪಾಲು ದಾಟಬಾರದು ಅಂತ ಲೆಕ್ಕ. ಅಂದರೆ 500 ಕಿ.ಮೀ. ಹತ್ತಿರ. ಹಳೇ ಪೈಪೇ ಅದರ ಅರ್ಧಕ್ಕೂ ಬಂದಿಲ್ಲ.

ಪಚ್ಚು: ಅಪ್ಪ, ಗುಂಪಿನಲ್ಲಿ ಟ್ಯೂಷನ್ ಬೇಡ.

ಚಿಕ್ಕಪ್ಪ: ಪೈಪು ದಪ್ಪ ಮಾಡಿದರೆ ಉಳಿಯುವ ಒತ್ತಡ ಹೆಚ್ಚೆಂದರೆ 0.01, 0.02 ಬಾರ್. ಅದರಿಂದ 15 ಎಚ್‌ಪಿ ಬರುವುದಾದರೆ ನನ್ನ ಸ್ಕೂಟರಿಗೂ ಒಂದು ತರಿಸು.

ನಾನು: ದಪ್ಪ ಪೈಪು ಹಾಕಿದರೆ ಲ್ಯಾಗ್ ಬೇರೆ ಜಾಸ್ತಿ ಆಗುತ್ತದೆ ಚಿಕ್ಕಪ್ಪ. ತುಳಿದ ಮೇಲೆ ಟರ್ಬೊ ಎಳೆಯಲು ತಡ.

ಚಿಕ್ಕಪ್ಪ: ಅದೂ ಸುಳ್ಳೇ. 2 ಮೀಟರ್ ಪೈಪಿನಲ್ಲಿ ಜಾಗ 2 ಲೀಟರ್ ಹೆಚ್ಚುತ್ತದೆ ಅಷ್ಟೆ. 3,000 ಆರ್‌ಪಿಎಂನಲ್ಲಿ ಈ ಎಂಜಿನ್ ಸೆಕೆಂಡಿಗೆ 40 ಲೀಟರಿಗೂ ಮೇಲೆ ಎಳೆಯುತ್ತದೆ. ಆ 2 ಲೀಟರ್ ತುಂಬಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ನಾನು ಸುಮ್ಮನಾದೆ. ಈ ಲ್ಯಾಗ್ ವಿಷಯವನ್ನು ಆಫೀಸಿನಲ್ಲಿ ನಾಲ್ಕು ಜನರಿಗೆ ಬುದ್ಧಿವಾದದ ಥರ ಹೇಳಿದ್ದೆ.

ಪಚ್ಚು: ಸರಿ, ಎಚ್‌ಪಿ ಬಿಡಿ. ಅಲ್ಯೂಮಿನಿಯಂ ಬಿಸಿಯನ್ನು ಹೊರಗೆ ಬಿಡುತ್ತದೆ, ರಬ್ಬರ್ ಬಿಡುವುದಿಲ್ಲ. ಇದಕ್ಕೆ ಏನು ಹೇಳುತ್ತೀರಿ?

ಭಾವ (ಜರ್ಮನಿ): ಪೂರ್ತಿ ತುಳಿದಾಗ ಗಾಳಿ ಪೈಪಿನೊಳಗೆ ಇರುವುದು ಸೆಕೆಂಡಿನ 10ರಲ್ಲಿ ಒಂದು ಪಾಲು. ಅಷ್ಟರಲ್ಲಿ ಏನು ತಣ್ಣಗಾಗುತ್ತದೆ ಪಚ್ಚು? ಇಂಟರ್‌ಕೂಲರ್ ದಾಟಿ ಬಂದ ತಣ್ಣನೆ ಗಾಳಿಯ ಪೈಪು ಎಂಜಿನ್ ಪಕ್ಕದಲ್ಲೇ ಹಾಯುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತರೆ ಅಲ್ಯೂಮಿನಿಯಂ ದೋಸೆ ಹಂಚಿನ ಹಾಗೆ ಕಾಯುತ್ತದೆ. ಅಲ್ಲಿ ರಬ್ಬರೇ ವಾಸಿ.

ಭಾವ (ಜರ್ಮನಿ): ಖರ್ಚು ಮಾಡಲೇಬೇಕು ಅಂದರೆ ಇಂಟರ್‌ಕೂಲರನ್ನೇ ಬದಲಾಯಿಸಿ. ನಮ್ಮ ಕಾರಿನದ್ದು ಪುಟ್ಟದು, ಮುಂದಿನ ಚಕ್ರದ ಮುಂದೆ ಬಂಪರ್ ಮೂಲೆಯಲ್ಲಿ ಕೂತಿದೆ. ಗಾಳಿಗೆ ಅಡ್ಡ ಬರುವುದೇ ಅದು. ಬಂಪರ್ ಹಿಂದೆ ಮಧ್ಯದಲ್ಲಿ ದೊಡ್ಡದು ಕೂರಿಸಿದರೆ ಆಗ ಪೈಪು ಬದಲಾಯಿಸುವುದಕ್ಕೂ ಅರ್ಥ ಇದೆ.

ಸುಮಕ್ಕ: ಭಾವ, ಖಾತೆಯಲ್ಲಿ ಇರುವುದು 11,250. ಅದರಲ್ಲಿ ಇನ್ಶೂರೆನ್ಸ್ ಕಟ್ಟಬೇಕು.

ಅತ್ತೆ: ಅದೇ ದುಡ್ಡಲ್ಲಿ ಸೀಟ್ ಕವರ್ ಹಾಕಿಸಿ. ಹಿಂದಿನ ಸೀಟು ಚುಚ್ಚುತ್ತದೆ.

ಚಿಕ್ಕಪ್ಪ: ಬಂಪರ್ ಕೊಯ್ದು ದೊಡ್ಡದು ಹಾಕಿದರೆ ಆರ್‌ಟಿಒದಲ್ಲಿ ಪ್ರಶ್ನೆ ಬರುತ್ತದೆ. ಮೋಟಾರು ವಾಹನ ಕಾಯ್ದೆಯಲ್ಲಿ ಕಲಂ 52 ಅಂತ ಒಂದಿದೆ, ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವುದರ ಬಗ್ಗೆ.

ಸುಮಕ್ಕ: ಎಫ್‌ಸಿ ಮಾಡಿಸಲು ಎರಡು ದಿನ ಬಿಸಿಲಲ್ಲಿ ನಿಂತವಳು ನಾನು. ಕೊಯ್ಯುವ ಮಾತು ಬೇಡ.

ಪಚ್ಚು: ಅದಕ್ಕೇ ಹೇಳಿದ್ದು, ಕೊಯ್ಯುವುದು ಬೇಡ, ಪೈಪು ಮಾತ್ರ ಸಾಕು ಅಂತ!

ಭಾವ (ಜರ್ಮನಿ): ಆ ಫೋಟೊ ದೊಡ್ಡದು ಮಾಡಿ ನೋಡು. ಅದು ಯಾವ ಕಾರಿಗೂ ಅಂತ ಮಾಡಿದ್ದಲ್ಲ. ನೀನೇ ಕೊಯ್ದು ಅಳತೆಗೆ ಕೂರಿಸಬೇಕು. ಪೈಪಿನ ತುದಿಯಲ್ಲಿ ಬಳೆಯ ಹಾಗೆ ಉಬ್ಬು ಇದೆ, ಕಾಣುತ್ತಾ? ಹೋಸು ಜಾರದೆ ನಿಲ್ಲುವುದು ಅದರಿಂದಲೇ. ಕೊಯ್ದರೆ ಆ ಉಬ್ಬು ಹೋಯಿತು.

ಭಾವ (ಜರ್ಮನಿ): ನನಗೇ ಆಗಿದೆ. ಹಳೇ ಗಾಲ್ಫ್‌ಗೆ ಆಸೆಪಟ್ಟು ಸಿಲಿಕೋನ್ ಹೋಸು ನಾನೇ ಹಾಕಿದ್ದೆ. ಪೈಪಿನ ತುದಿಯ ಎಣ್ಣೆ ಒರೆಸಲಿಲ್ಲ. ಆಟೊಬಾನ್‌ನಲ್ಲಿ ಲಾರಿ ದಾಟುವಾಗ ಫಟ್ ಅಂತು. ಕಾಲಡಿಯಲ್ಲಿ ಪೆಡಲ್ ಇದೆ, ಕಾರಿಗೆ ಜೀವ ಇಲ್ಲ. ಪಕ್ಕದಲ್ಲಿ ನಿಮ್ಮಕ್ಕ. ಆಮೇಲೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಅವಳ ಹೇರ್ ಸ್ಪ್ರೇ ಹೊಡೆದು ಕೂರಿಸಿದೆ. ಅಂಟಿಕೊಂಡಿತು.

ಅತ್ತೆ: ಅವಳ ತಲೆಗೆ ಹೊಡೆಯುವುದು ಅಂಟಾ?

ಚಿಕ್ಕಪ್ಪ: 8 ಪೈಪು ಅಂದರೆ 16 ತುದಿ. ಸೋರಲು 16 ಜಾಗ. ದುಡ್ಡು ಕೊಟ್ಟು ತರುವುದು ಅದನ್ನೇ.

ಪಚ್ಚು: ಹಾಗಾದರೆ ಹಳೇ ಕಾರು ಹೀಗೇ ಕುಂಟಲಿ. ಎಲ್ಲರೂ ಸೇರಿ ಪೂಜೆ ಮಾಡಿ. ನನ್ನ 500 ವಾಪಸ್ ಕೊಡಿ.

ಇಲ್ಲಿಗೆ ಗುಂಪು ಅರ್ಧ ಗಂಟೆ ತಣ್ಣಗಾಯಿತು. ನನ್ನ ಅಭಿಪ್ರಾಯ ಹೇಳುವುದಾದರೆ, ಪಚ್ಚು ಹೇಳಿದ್ದರಲ್ಲಿ ಒಂದು ಮಾತು ನಿಜ. ಕಾರು ಎಳೆಯುತ್ತಿರಲಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾವು ಮಾತಾಡುತ್ತಿದ್ದೆವು.

ಸುಮಕ್ಕ: ಇಷ್ಟು ಹೊತ್ತು ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ದಿನಾ ಓಡಿಸುವವಳು ನಾನು. 2,500 ಆರ್‌ಪಿಎಂ ದಾಟಿದರೆ ಬಾನೆಟ್ ಒಳಗೆ ಹಾವಿನ ಥರ ಬುಸ್ ಅನ್ನುತ್ತದೆ. ಸೈಲೆನ್ಸರ್ ಬಾಯಿ ಪೂರ್ತಿ ಮಸಿ. 11 ಕೊಡುತ್ತಿದ್ದ ಮೈಲೇಜು 8ಕ್ಕೆ ಬಂದಿದೆ.

ಭಾವ (ಜರ್ಮನಿ): ಸುಮಾ, ಇದನ್ನು ಮೊದಲೇ ಹೇಳಬಾರದಿತ್ತಾ! ಎಂಜಿನ್ ಲೈಟ್ ಬಂದಿತ್ತಾ?

ಸುಮಕ್ಕ: ಬಂದಿತ್ತು. ಪಚ್ಚು ಬಂದಾಗ ಅದೇನೋ ಸಿಕ್ಕಿಸಿ ಆರಿಸಿದ.

ಪಚ್ಚು: ಹೌದು, ಒಂದು ಕೋಡ್ ಇತ್ತು. 17705. ಕ್ಲಿಯರ್ ಮಾಡಿದೆ.

ಭಾವ (ಜರ್ಮನಿ): ಪಚ್ಚು.

ಭಾವ (ಜರ್ಮನಿ): ಆ ಕೋಡಿನ ಅರ್ಥವೇ "ಟರ್ಬೊದಿಂದ ಥ್ರಾಟಲ್‌ವರೆಗಿನ ಪ್ರೆಷರ್ ಹೋಸ್ ನೋಡು" ಅಂತ. ಥ್ರಾಟಲ್ ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು.

ಪಚ್ಚು: ಓ.

ಚಿಕ್ಕಪ್ಪ: ಮಸಿಗೂ ಅದೇ ಕಾರಣ. ಒಳಗೆ ಬಂದ ಗಾಳಿಯನ್ನು ಸೆನ್ಸರ್ ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಅಳೆದ ಮೇಲೆ ಗಾಳಿ ದಾರಿಯಲ್ಲಿ ಸೋರಿ ಹೋದರೆ ಪೆಟ್ರೋಲ್ ಮಾತ್ರ ಉಳಿಯುತ್ತದೆ. ಅನ್ನಕ್ಕಿಂತ ಸಾರು ಜಾಸ್ತಿ.

ಚಿಕ್ಕಪ್ಪ: ಸುಮಾ, ನಾಳೆ ಪಂಕ್ಚರ್ ಅಂಗಡಿಗೆ ಹೋಗು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಪಿವಿಸಿ ಎಂಡ್ ಕ್ಯಾಪ್ ತಗೊ. ಅದಕ್ಕೆ ತೂತು ಹೊಡೆದು ಟ್ಯೂಬ್‌ಲೆಸ್ ಟೈರಿನ ವಾಲ್ವು ಕೂರಿಸಿ ಕೊಡಲು ಹೇಳು. ಏರ್ ಫಿಲ್ಟರ್ ಕಡೆಯ ಹೋಸು ಬಿಚ್ಚಿ, ಟರ್ಬೊಗೆ ಹೋಗುವ ಬಾಯಿಗೆ ಆ ಕ್ಯಾಪ್ ತುರುಕಿ ಕ್ಲಿಪ್ ಬಿಗಿ. ಎಂಜಿನ್ನಿನ ಆವಿ ತರುವ ಬ್ರೀದರ್ ಹೋಸಿನ ಬಾಯಿ ಮುಚ್ಚಲು ಮರೆಯಬೇಡ. ಗಾಳಿ 10 ಪಿಎಸ್‌ಐ ಮೇಲೆ ಬೇಡ. ಸೋಪು ನೀರು ಚಿಮುಕಿಸಿ ನೋಡು. ಎಂಜಿನ್ ಆಫ್ ಇರಲಿ.

ಸುಮಕ್ಕ: ಪಂಕ್ಚರ್ ಅಂಗಡಿಯವನು ನನ್ನನ್ನು ಹುಚ್ಚಿ ಅಂದುಕೊಳ್ಳುತ್ತಾನೆ. ಇರಲಿ.

ಭಾನುವಾರ ಬೆಳಿಗ್ಗೆ 11ರ ಹೊತ್ತಿಗೆ ವಿಡಿಯೊ ಬಂತು. ಸುಮಕ್ಕನ ಕೈ ಅಲ್ಲಾಡುತ್ತಿತ್ತು. ಟಾರ್ಚಿನ ಬೆಳಕಿನಲ್ಲಿ ಟರ್ಬೊ ಬಾಯಿಂದ ಹೊರಟ ಕಪ್ಪು ಹೋಸು. ಮೇಲಿಂದ ನೋಡಿದರೆ ಹೊಸದರ ಹಾಗೇ ಇತ್ತು. ಅಂಗಡಿಯ ಹುಡುಗ ಒಂದು ಸಣ್ಣ ಕನ್ನಡಿಯನ್ನು ಕೆಳಗೆ ಹಿಡಿದ. ಹೋಸಿನ ಹೊಟ್ಟೆ ಎಣ್ಣೆ ಕುಡಿದು ಮೆತ್ತಗಾಗಿ ಮಿನುಗುತ್ತಿತ್ತು. ಕ್ಲಿಪ್ಪಿನ ಅಂಚಿಗೆ ಸರಿಯಾಗಿ, ಉಗುರು ಒತ್ತಿದ ಗುರುತಿನಂಥ ಅರ್ಧ ಚಂದ್ರ. ಸೋಪು ನೀರು ಬಿದ್ದದ್ದೇ ತಡ, ಅಲ್ಲಿಂದ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದು, ಕೊನೆಗೆ ನಿಂಬೆಹಣ್ಣಿನ ಗಾತ್ರದ ನೊರೆ ಕೂತಿತು. ಹುಡುಗ ಹಿನ್ನೆಲೆಯಲ್ಲಿ "ಸಿಕ್ತು ಮೇಡಂ, ಸಿಕ್ತು" ಅನ್ನುವುದು ಕೇಳಿಸುತ್ತದೆ.

ಸುಮಕ್ಕ: ಬೇರೆ ಎಲ್ಲ ಜಾಯಿಂಟಿಗೂ ಹಾಕಿದೆ. ಗುಳ್ಳೆ ಇಲ್ಲ. ಇದೊಂದೇ.

ಪಚ್ಚು: ಒಂದು ಹೋಯಿತು ಅಂದರೆ ಉಳಿದವೂ ಹೋಗುತ್ತವೆ. ಕಿಟ್ ರೇಟು ಇವತ್ತು ರಾತ್ರಿವರೆಗೆ ಇದೆ.

ಚಿಕ್ಕಪ್ಪ: ಒಂದು ಹಲ್ಲು ಹುಳುಕಾದರೆ ಎಲ್ಲ ಕೀಳಿಸುತ್ತೀಯಾ?

ಭಾವ (ಜರ್ಮನಿ): ಆ ಒಂದು ಹೋಸು ಕಂಪನಿಯದ್ದೇ ಸಿಕ್ಕರೆ ಅದೇ ಹಾಕಿ. ಸಿಗದಿದ್ದರೆ ಸಿಲಿಕೋನ್ ಎಲ್ಬೋ (ಬಾಗಿದ ಹೋಸು) ತನ್ನಿ, ನಾಲ್ಕು ಪದರದ್ದು. ಒಳಗಡೆ ಫ್ಲೋರೋಸಿಲಿಕೋನ್ ಲೈನಿಂಗ್ ಇದೆಯಾ ಅಂತ ಕೇಳಿ. ಬರೀ ಸಿಲಿಕೋನ್ ಎಣ್ಣೆಗೆ ತಡೆಯುವುದಿಲ್ಲ, ಬೆವರುತ್ತದೆ. ಟರ್ಬೊ ಬಾಯಲ್ಲಿ ಎಣ್ಣೆ ಹನಿ ಇದ್ದೇ ಇರುತ್ತದೆ.

ಪಚ್ಚು: ಜೆ.ಸಿ. ರೋಡಿನಲ್ಲಿ ಕೇಳುತ್ತೇನೆ. ಅಳತೆ ಕೊಡಿ.

ಸುಮಕ್ಕ: ಟೇಪಿನಲ್ಲಿ 5 ಸೆಂಟಿಮೀಟರ್.

ಚಿಕ್ಕಪ್ಪ: ಟೇಪು ಬೇಡ. ನನ್ನ ವರ್ನಿಯರ್ ತಗೊಂಡು ಹೋಗು. ಎರಡೂ ತುದಿ, ಹೊರಗಿನ ಅಳತೆ, ಎರಡೆರಡು ಸಲ.

ಪಚ್ಚು: ಒಂದು ಷರತ್ತು. ನೀಲಿ ಬಣ್ಣದ್ದೇ ತರುತ್ತೇನೆ.

ಸುಮಕ್ಕ: ತಗೊಂಡು ಬಾ. ಬಾನೆಟ್ ಒಳಗೆ ಯಾರು ನೋಡುತ್ತಾರೆ.

ಪಚ್ಚು: ನಾನು ನೋಡುತ್ತೇನೆ.

ಭಾವ (ಜರ್ಮನಿ): ಆ ಕ್ಲಿಪ್ಪಿನ ಫೋಟೊ ಹತ್ತಿರದಿಂದ ಹಾಕು ಸುಮಾ.

ಸುಮಕ್ಕ: (ಫೋಟೊ)

ಭಾವ (ಜರ್ಮನಿ): ಇದು ಕಂಪನಿಯದ್ದೇ ಅಲ್ಲ. ಇಲ್ಲಿ ಸ್ಪ್ರಿಂಗ್ ಕ್ಲಾಂಪ್ ಇರಬೇಕು. ಬಿಸಿಗೆ ಹೋಸು ಹಿಗ್ಗಿದರೂ ತಣ್ಣಗಾಗಿ ಕುಗ್ಗಿದರೂ ಹಿಡಿತ ಒಂದೇ ಸಮ ಇಡುತ್ತದೆ. ಇದು ಸ್ಕ್ರೂ ತಿರುಗಿಸುವ ಮಾಮೂಲಿ ಹೋಸ್ ಕ್ಲಿಪ್. ಅಂಚು ಬ್ಲೇಡಿನ ಹಾಗೆ. ಜಾಸ್ತಿ ಬಿಗಿದು ರಬ್ಬರನ್ನೇ ಕೊಯ್ದಿದ್ದಾರೆ.

ಪಚ್ಚು: ಯಾವನೋ ತಲೆ ಇಲ್ಲದ ಮೆಕ್ಯಾನಿಕ್ ಕೆಲಸ.

ಚಿಕ್ಕಪ್ಪ: ಪಕ್ಕಾ. ಎಂಜಿನ್ ಅಂದರೆ ಏನು ಅಂತಲೇ ಗೊತ್ತಿಲ್ಲದವನು.

ಅತ್ತೆ: ಅಂಥವರನ್ನು ಸುಮ್ಮನೆ ಬಿಡಬಾರದು.

ದೊಡ್ಡಪ್ಪ ಎರಡು ದಿನದಿಂದ ಎಲ್ಲ ಓದುತ್ತಿದ್ದರು. ನೀಲಿ ಟಿಕ್ ಬರುತ್ತಿತ್ತು, ಮಾತಿಲ್ಲ. ಈಗ ಬರೆದರು.

ದೊಡ್ಡಪ್ಪ: ಅದನ್ನು ಹಾಕಿದವನು ನಾನು.

ದೊಡ್ಡಪ್ಪ: 2011ರ ಮಳೆಗಾಲ. ಮಂಗಳೂರಿಂದ ಬರುತ್ತಿದ್ದೆ. ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಪೈಪು ಕಳಚಿತು. ಸ್ಪ್ರಿಂಗು ಎಲ್ಲೋ ಹಾರಿ ಹೋಯಿತು. ಕತ್ತಲೆ, ಮಳೆ, ಜಿಗಣೆ. ತೋಟದ ಪಂಪ್‌ಸೆಟ್‌ಗೆ ಅಂತ ತಗೊಂಡ ನಾಲ್ಕು ಕ್ಲಿಪ್ ಡಿಕ್ಕಿಯಲ್ಲಿತ್ತು. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಬಿಗಿದೆ. ಮತ್ತೆ ಜಾರಬಾರದು ಅಂತ ಇನ್ನೊಂದು ಸುತ್ತು ಬಿಗಿದೆ.

ಪಚ್ಚು: ದೊಡ್ಡಪ್ಪ ಸಾರಿ.

ಚಿಕ್ಕಪ್ಪ: ಅಣ್ಣ, ಮಳೆಯಲ್ಲಿ ಅಷ್ಟು ಮಾಡಿದ್ದೇ ದೊಡ್ಡದು.

ಸುಮಕ್ಕ: ಅಪ್ಪ, ಡಿಕ್ಕಿಯಲ್ಲಿ ಸ್ಟೆಪ್ನಿ ಕೆಳಗೆ ಎರಡು ಕ್ಲಿಪ್ ಇವೆ. ಒಂದು ಇಲ್ಲಿ ಸಿಕ್ಕಿತು. ನಾಲ್ಕನೆಯದು ಎಲ್ಲಿ?

ದೊಡ್ಡಪ್ಪ: ಅದೇ ಹೋಸಿನ ಆ ಕಡೆ ತುದಿ ನೋಡು.