ನಿವಾಸಿಗಳ ಗುಂಪು: ಕಲ್ಲುಬಾವಿಯ ಹಳದಿ ನೀರಿನ ವಿಚಾರ

ಕೊನೆ ಮನೆ, 3ನೇ ಅಡ್ಡರಸ್ತೆ (ಮಂಗಳವಾರ ಬೆಳಿಗ್ಗೆ 5:10)
ನೀವೆಲ್ಲ ಏಳುವವರೆಗೆ ಕಾಯುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ. ರಾತ್ರಿ ಎರಡು ಗಂಟೆಗೆ ಅದೇ ಲಗೇಜ್ ಆಟೊ ದೀಪ ಆರಿಸಿಕೊಂಡು ರಾಜಕಾಲುವೆಯ ಪಕ್ಕ ನಿಂತಿತ್ತು. ಡ್ರಮ್ಮು ಉರುಳಿಸಿದ ಸದ್ದು ಕೇಳಿಸಿತು, ಅದರ ಹಿಂದೆಯೇ ಗಂಟಲು ಉರಿಯುವ ವಾಸನೆ ಬಂತು. ಕಿಟಕಿಯ ಸಂದಿಗೆ ಒದ್ದೆ ಟವಲ್ ತುರುಕಿ, ಅತ್ತೆಯವರನ್ನು ನಡುಮನೆಗೆ ಕರೆತಂದು ಬೆಳಗಿನವರೆಗೆ ಕೂರಿಸಿಕೊಂಡಿದ್ದೇನೆ. ನಾಲ್ಕೂವರೆಗೆ ಬಾವಿಯ ಮೋಟಾರು ಹಾಕಿದರೆ ಬಿಳಿ ಬಕೆಟ್ಟಿಗೆ ಬಿದ್ದ ನೀರು ನಿಂಬೆ ಶರಬತ್ತಿನ ಬಣ್ಣದಲ್ಲಿತ್ತು. ಫೋಟೊ ಹಾಕಿದ್ದೇನೆ. ಹೋದ ವರ್ಷವೂ ಹಾಕಿದ್ದೆ. ಆಗ ಎಲ್ಲರೂ ಕೈಮುಗಿದ ಚಿತ್ರ ಒತ್ತಿ ಸುಮ್ಮನಾದಿರಿ. ಈ ಸಲ ನನ್ನ ಜೊತೆ ಯಾರು ಬರುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಎಂಬುದನ್ನು ಮಾತ್ರ ಬರೆಯಿರಿ.

ಹಾಲಿನ ಬೂತ್ ಅಕ್ಕ (5:48)
ನಮ್ಮ ಹಸು ಇವತ್ತು ಬಾವಿಯ ತೊಟ್ಟಿಗೆ ಮೂತಿ ಇಟ್ಟು ಹಾಗೆಯೇ ಹಿಂದಕ್ಕೆ ಸರಿಯಿತು. ಅದು ಕುಡಿಯದ ನೀರಿನಲ್ಲಿ ನಾವು ನಿನ್ನೆಯ ಸಾರು ಮಾಡಿದ್ದೇವೆ.

2ನೇ ಅಡ್ಡರಸ್ತೆ, ಮಹಡಿ ಮನೆ (6:20)
ರಾಮನವಮಿಗೆ ಇನ್ನೂ ಎಷ್ಟೋ ದಿನವಿದೆ, ನಮ್ಮ ಬೀದಿಗೆ ಪಾನಕ ಆಗಲೇ ಬಂದುಬಿಟ್ಟಿತು.

ಮಾಜಿ ಕಾರ್ಯದರ್ಶಿ (6:31)
ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ. ಈ ಮಾತನ್ನು ನಾನು ಏಳು ವರ್ಷಗಳಿಂದ ಹೇಳುತ್ತಿದ್ದೇನೆ. ಬೆಂಗಳೂರಿನ ಕೊಳಚೆಯನ್ನು ಎರಡೇ ಹಂತದಲ್ಲಿ ಶುದ್ಧೀಕರಿಸಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 440 ದಶಲಕ್ಷ ಲೀಟರಿನಂತೆ ನಮ್ಮ ಕೋಲಾರದ ಕೆರೆಗಳಿಗೆ ತುಂಬುವ ಯೋಜನೆಯನ್ನು ತಂದಾಗ, ಮೂರನೇ ಹಂತದ ಶುದ್ಧೀಕರಣ ಬೇಕೆಂದು ಬೀದಿಗಿಳಿದವರಲ್ಲಿ ನಾನೂ ಒಬ್ಬ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದಿತು, ಹೈಕೋರ್ಟು ತಡೆ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 2019ರಲ್ಲಿ ನೀರು ಮತ್ತೆ ಹರಿಯಿತು. ಆಗ ನಮ್ಮನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆದವರು ಇದೇ ಗುಂಪಿನಲ್ಲಿದ್ದಾರೆ. ಅವರು ಈಗ ಈ ಬಕೆಟ್ಟನ್ನು ನೋಡಲಿ.

ಮೇಷ್ಟ್ರು, 1ನೇ ಅಡ್ಡರಸ್ತೆ (7:05)
ಕಾರ್ಯದರ್ಶಿಗಳ ಹೋರಾಟದ ಬಗ್ಗೆ ನನಗೆ ಗೌರವವಿದೆ, ಮೂರನೇ ಹಂತದ ಬೇಡಿಕೆಯೂ ನ್ಯಾಯವಾದದ್ದೇ. ಆದರೆ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನಾಗಿ ಹೇಳುತ್ತೇನೆ, ಕೊಳಚೆ ನೀರಿನಿಂದ ನೊರೆ ಬರಬಹುದು, ನೈಟ್ರೇಟ್ ಬರಬಹುದು, ಈ ಹಳದಿ ಬರುವುದಿಲ್ಲ. ಲೋಹಕ್ಕೆ ಹೊಳಪಿನ ಲೇಪ ಕೊಡುವ ಕಡೆ ಬಳಸುವ ಕ್ರೋಮಿಯಂ ನೀರಿನಲ್ಲಿ ಕರಗಿದರೆ ಇಂಥದೇ ಬಣ್ಣ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂಗಿಂತ ಹೆಚ್ಚು ಕ್ರೋಮಿಯಂ ಇರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ಆ ಮಿತಿ ಎಂದೋ ದಾಟಿರುತ್ತದೆ. ಇನ್ನೊಂದು ಮಾತು: ಇಪ್ಪತ್ತು ವರ್ಷ ಒಣಗಿದ್ದ ನಮ್ಮ ಕಲ್ಲುಬಾವಿಗೆ ನೀರು ಬಂದದ್ದೇ ಕೆರೆ ತುಂಬಿದ ಮೇಲೆ. ನೀರು ಅಷ್ಟು ಮೇಲಕ್ಕೆ ಬಂದಿರುವುದರಿಂದಲೇ ಕಾಲುವೆಗೆ ಸುರಿದದ್ದು ಬಾವಿಗೆ ಇಳಿಯಲು ಹೆಚ್ಚು ದಿನ ಬೇಕಾಗುವುದಿಲ್ಲ. ಇವತ್ತು ಕಾಣುತ್ತಿರುವುದು ನಿನ್ನೆ ರಾತ್ರಿಯ ಡ್ರಮ್ಮಿನದೇ ಆಗಿರಬೇಕಿಲ್ಲ, ಇಷ್ಟು ದಿನ ಮಣ್ಣು ಹೀರಿಕೊಂಡದ್ದೂ ಇರಬಹುದು. ದಯವಿಟ್ಟು ಯಾರೂ ಕುದಿಸಿ ಕುಡಿಯಬೇಡಿ. ಕುದಿಸಿದರೆ ನೀರು ಆವಿಯಾಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿಯುತ್ತದೆ.

4ನೇ ಅಡ್ಡರಸ್ತೆ, ಮೂಲೆ ಮನೆ (7:22)
ಬಂದ ಸಂದೇಶವನ್ನು ಹಾಗೆಯೇ ಕಳಿಸುತ್ತಿದ್ದೇನೆ: ರಾತ್ರಿ ತಾಮ್ರದ ಬಿಂದಿಗೆಯಲ್ಲಿ ನೀರು ತುಂಬಿ ಏಳು ತುಳಸಿ ಎಲೆ ಹಾಕಿಟ್ಟರೆ ಬೆಳಗಾಗುವುದರೊಳಗೆ ಸಕಲ ವಿಷವೂ ಇಳಿಯುತ್ತದೆ. ಹತ್ತು ಜನರಿಗೆ ತಲುಪಿಸಿ.

ಮೇಷ್ಟ್ರು (7:24)
ಅಮ್ಮಾ, ದಯವಿಟ್ಟು ಹತ್ತು ಜನರಿಗೆ ತಲುಪಿಸಬೇಡಿ.

ವಕೀಲರು, 1ನೇ ಅಡ್ಡರಸ್ತೆ (8:40)
ದಾರಿ ಇದೆ, ಆದರೆ ಅದನ್ನು ಕ್ರಮವಾಗಿ ಹಿಡಿಯಬೇಕು. 1974ರ ಜಲ ಮಾಲಿನ್ಯ ಕಾಯ್ದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ ಯಾವ ಘಟಕವೂ ತ್ಯಾಜ್ಯವನ್ನು ಹೊರಗೆ ಬಿಡುವಂತಿಲ್ಲ. ಆದರೆ ನಾವು ಬಾಟಲಿಯಲ್ಲಿ ತುಂಬಿಕೊಂಡು ಹೋದ ನೀರು ದೂರಿಗೆ ಬಲ ಕೊಡಬಹುದೇ ಹೊರತು ಶಿಕ್ಷೆಗೆ ಸಾಕ್ಷಿಯಾಗುವುದಿಲ್ಲ. ತ್ಯಾಜ್ಯದ ಮಾದರಿಯನ್ನು ಮಂಡಳಿಯ ಅಧಿಕಾರಿಯೇ ಘಟಕದವರಿಗೆ ನೋಟಿಸು ಕೊಟ್ಟು, ಅವರೆದುರಿಗೇ ಎರಡು ಭಾಗ ಮಾಡಿ, ಮೊಹರು ಹಾಕಿ ತೆಗೆಯಬೇಕು.
ಇದರ ಜೊತೆಗೆ, ರಾಸಾಯನಿಕದಿಂದ ಕೆಟ್ಟ ಜಾಗಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈಯಲ್ಲಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ. ಅದರಂತೆ ಜಿಲ್ಲಾಡಳಿತವು ಆರು ತಿಂಗಳಿಗೊಮ್ಮೆ ಶಂಕಿತ ಸ್ಥಳಗಳ ವರದಿ ಕೊಡಬೇಕು, ಮಂಡಳಿಯು 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ನಡೆಸಬೇಕು, ಅನುಮಾನ ನಿಜವೆಂದು ಕಂಡರೆ ಇನ್ನು ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ಆಗಬೇಕು. ಕೆಡಿಸಿದವರು ಪತ್ತೆಯಾದರೆ ಶುದ್ಧೀಕರಣದ ವೆಚ್ಚ ಅವರದೇ. ಇಡೀ ದೇಶದಲ್ಲಿ ಗುರುತಿಸಿದ್ದ 103 ಜಾಗಗಳ ಪೈಕಿ ಆ ಹೊತ್ತಿಗೆ ಶುದ್ಧೀಕರಣ ಶುರುವಾಗಿದ್ದುದು ಏಳರಲ್ಲಿ ಮಾತ್ರ. ಆದ್ದರಿಂದ ತಾನಾಗಿಯೇ ಆಗುತ್ತದೆಂದು ಕೂರುವ ಹಾಗಿಲ್ಲ, ನಮ್ಮ ಬೀದಿಯ ಹೆಸರು ಆ ವರದಿಯಲ್ಲಿ ಸೇರುವಂತೆ ನಾವೇ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಬೇಕು. ಕನಿಷ್ಠ ಇಪ್ಪತ್ತು ಸಹಿ ಇದ್ದರೆ ತೂಕ ಬರುತ್ತದೆ.

ಮಾಜಿ ಕಾರ್ಯದರ್ಶಿ (8:52)
ವಕೀಲರೇ, ಶುದ್ಧೀಕರಣವನ್ನು ಯಾವ ದಿನದೊಳಗೆ ಮುಗಿಸಬೇಕೆಂದು ಆ ನಿಯಮದಲ್ಲಿ ಬರೆದಿದೆಯೇ? ಇಲ್ಲ. ಕೆ.ಜಿ.ಎಫ್. ನೋಡಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಸೈನೈಡ್ ಹಾಕಿ ಚಿನ್ನ ತೆಗೆದ ಮಣ್ಣಿನ ಗುಡ್ಡಗಳು ಇವತ್ತಿಗೂ ಅಲ್ಲೇ ಇವೆ, ಗಾಳಿ ಬೀಸಿದರೆ ದೂಳು ಊರಿನ ಮೇಲೆ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟವು ಸಾವಿರ ಎಕರೆಗೂ ಹೆಚ್ಚು ಜಾಗದಲ್ಲಿರುವ 13 ಗುಡ್ಡಗಳ ವಿಚಾರದಲ್ಲಿ ಒಪ್ಪಿಗೆ ಕೊಟ್ಟಿತಲ್ಲ, ಅದು ಮಣ್ಣು ಶುದ್ಧ ಮಾಡಲೆಂದಲ್ಲ, ಉಳಿದ ಚಿನ್ನ ತೆಗೆಯಲೆಂದು. ನಮ್ಮ ಬಾವಿಯಲ್ಲಿ ಚಿನ್ನ ಇದ್ದಿದ್ದರೆ ಇಷ್ಟು ಹೊತ್ತಿಗೆ ಜೀಪು ಬಂದು ನಿಂತಿರುತ್ತಿತ್ತು.

ವಕೀಲರು (9:01)
ಗಣಿಗಾರಿಕೆಯ ಮಾಲಿನ್ಯ ಆ ನಿಯಮಗಳ ವ್ಯಾಪ್ತಿಗೇ ಬರುವುದಿಲ್ಲ, ಅದಕ್ಕೆ ಬೇರೆ ಕಾನೂನಿದೆ. ನಮ್ಮ ಬಾವಿಯ ವಿಷಯಕ್ಕೆ ಬರೋಣ. ಇಲ್ಲಿಯವರೆಗೆ ಎರಡು ಸಹಿ ಆಗಿವೆ.

2ನೇ ಅಡ್ಡರಸ್ತೆ, ಮಹಡಿ ಮನೆ (9:15)
ಸಹಿಗಿಂತ ಮೊದಲು ಒಂದು ಪ್ರಶ್ನೆ. ಆಟೊ ಹೊರಟದ್ದು ಯಾವ ಶೆಡ್ಡಿನಿಂದ, ಆ ಶೆಡ್ಡು ಯಾರದ್ದು ಎಂಬುದು ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡುತ್ತಿಲ್ಲವೇಕೆ?

ಶೆಡ್ಡಿನ ಪಕ್ಕದ ಮನೆ (11:30)
ಶೆಡ್ಡು ನಮ್ಮದು. ಸ್ಟೀಲ್ ಪಾತ್ರೆ ಪಾಲಿಶ್ ಮಾಡುತ್ತೇವೆಂದು ಕರಾರಿನಲ್ಲಿ ಬರೆದುಕೊಟ್ಟಿದ್ದರು. ನೀಲಿ ಡ್ರಮ್ಮುಗಳನ್ನು ನಾನೂ ನೋಡಿದ್ದೇನೆ, ಏನೆಂದು ಕೇಳಲಿಲ್ಲ. ಬಾಡಿಗೆ ತಿಂಗಳ ಐದನೇ ತಾರೀಖಿಗೆ ತಪ್ಪದೆ ಬರುತ್ತಿತ್ತು.

ಮಾಜಿ ಕಾರ್ಯದರ್ಶಿ (11:41)
ಹಿರಿಯರು ಒಪ್ಪಿಕೊಂಡಿದ್ದಾರೆ, ಅವರನ್ನು ಇನ್ನು ಕೆದಕುವುದು ಬೇಡ. ಆದರೆ ರಾಜಕಾಲುವೆಯ ಮೇಲೆ ಮೆಟ್ಟಿಲು ಕಟ್ಟಿಕೊಂಡಿರುವ ಮಹಡಿ ಮನೆಯವರು ಇನ್ನೊಬ್ಬರ ಶೆಡ್ಡಿನ ಲೆಕ್ಕ ಕೇಳುವುದು ಯಾವ ನ್ಯಾಯ? ಕಾಲುವೆ ಕಟ್ಟಿಕೊಂಡು ನೀರು ನಿಲ್ಲದಿದ್ದರೆ ಬಾವಿಗೆ ಇಷ್ಟೊಂದು ಇಳಿಯುತ್ತಿತ್ತೇ?

2ನೇ ಅಡ್ಡರಸ್ತೆ, ಮಹಡಿ ಮನೆ (11:43)
ನಮ್ಮ ಮೆಟ್ಟಿಲಿಗೆ ನಕ್ಷೆ ಇದೆ. ಒಳಚರಂಡಿಗೆಂದು ನೀವು ಮನೆಗೆ ಎರಡು ಸಾವಿರದಂತೆ ಎತ್ತಿದ ದುಡ್ಡಿಗೆ ರಸೀದಿ ಇದೆಯೇ?

(ಇಲ್ಲಿಂದ ಮಧ್ಯಾಹ್ನ ಮೂರರವರೆಗೆ ಬಂದ ಅರವತ್ತೆಂಟು ಸಂದೇಶಗಳು ಮೆಟ್ಟಿಲು ಮತ್ತು ರಸೀದಿಯ ಕುರಿತಾದವು.)

ಕೊನೆ ಮನೆ, 3ನೇ ಅಡ್ಡರಸ್ತೆ (3:12)
ನಾನು ಕೇಳಿದ್ದು ಯಾರು ಬರುತ್ತೀರಿ ಎಂದು. ಮೇಷ್ಟ್ರು ಹೇಳಿಕೊಟ್ಟಂತೆ ಮೋಟಾರನ್ನು ಹತ್ತು ನಿಮಿಷ ಓಡಲು ಬಿಟ್ಟು, ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿಗೆ ಜಾಗ ಬಿಡದೆ ತುಂಬಿ, ದಿನಾಂಕದ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ.

ಮೇಷ್ಟ್ರು (3:20)
ಒಳ್ಳೆಯದು ತಾಯಿ. ಈ ಬಗೆಯ ಕ್ರೋಮಿಯಂ ಪರೀಕ್ಷೆಗೆ ಮಾದರಿ ತಣ್ಣಗಿರಬೇಕು, ಒಂದು ದಿನದೊಳಗೆ ಪ್ರಯೋಗಾಲಯ ಸೇರಬೇಕು. ಫ್ಲೋರೈಡ್, ನೈಟ್ರೇಟ್ ನೋಡುವ ಸಣ್ಣ ಕಿಟ್ಟಿನಿಂದ ಇದು ತಿಳಿಯುವುದಿಲ್ಲ. ನನ್ನ ಮಂಡಿಯ ಸ್ಥಿತಿ ನಿಮಗೆ ಗೊತ್ತು, ಸ್ಕೂಟರು ಇರುವವರು ಯಾರಾದರೂ ಹೊರಡಿ.

4ನೇ ಅಡ್ಡರಸ್ತೆ, ಮೂಲೆ ಮನೆ (6:05)
ಹಾಗಾದರೆ ಕುಡಿಯುವ ನೀರಿಗೆ ಏನು ಮಾಡುವುದು? ಐದು ರೂಪಾಯಿ ನಾಣ್ಯದ ಶುದ್ಧ ನೀರಿನ ಘಟಕ ಕೆಟ್ಟು ತಿಂಗಳಾಯಿತು.

ಮಾಜಿ ಕಾರ್ಯದರ್ಶಿ (6:09)
ಇದು ಸರಿಯಾದ ಮಾತು. ಮೊದಲು ಘಟಕ ರಿಪೇರಿಯಾಗಲಿ, ಅರ್ಜಿಯನ್ನು ಭಾನುವಾರದ ಸಭೆಯಲ್ಲಿ ನೋಡೋಣ. ಮನೆಗೆ ಇನ್ನೂರರಂತೆ ಹಾಕಿದರೆ ಹೊಸ ಫಿಲ್ಟರ್ ಬರುತ್ತದೆ, ರಸೀದಿಯನ್ನು ನಾನೇ ಕೊಡುತ್ತೇನೆ.

ಹಾಲಿನ ಬೂತ್ ಅಕ್ಕ (6:15)
ನಮ್ಮದು ಇನ್ನೂರು ಇದೆ. ಆದರೆ ಘಟಕದವರು ಹೊರಗೆ ಬಿಡುವ ಉಪ್ಪುನೀರು ಹೋಗುವುದೂ ಇದೇ ಕಾಲುವೆಗೆ ಅಲ್ಲವೇ?

2ನೇ ಅಡ್ಡರಸ್ತೆ, ಮಹಡಿ ಮನೆ (6:17)
ನಮ್ಮದೂ ಇನ್ನೂರು. ಬೀಗದ ಕೈ ಈ ಸಲ 2ನೇ ಅಡ್ಡರಸ್ತೆಯಲ್ಲಿರಲಿ.

ವಕೀಲರು (ಬುಧವಾರ ರಾತ್ರಿ 9:30)
ಅರ್ಜಿಯ ಕರಡು ಸಿದ್ಧವಿದೆ. ಈಗ ಸಹಿ ನಾಲ್ಕು. ಶೆಡ್ಡಿನ ಹಿರಿಯರದು ಮೂರನೆಯದು.

ಕೊನೆ ಮನೆ, 3ನೇ ಅಡ್ಡರಸ್ತೆ (ಗುರುವಾರ ಬೆಳಿಗ್ಗೆ 6:02)
ಬಾಟಲಿ ಇನ್ನೂ ನಮ್ಮ ಫ್ರಿಜ್ಜಿನ ಬಾಗಿಲಲ್ಲಿ, ಮಜ್ಜಿಗೆಯ ಪಕ್ಕದಲ್ಲೇ ಇದೆ. ಮಕ್ಕಳ ಕೈಗೆ ಸಿಗದಂತೆ ಮುಚ್ಚಳಕ್ಕೆ ಕೆಂಪು ದಾರ ಸುತ್ತಿದ್ದೇನೆ. ಒಂದು ದಿನ ನಿನ್ನೆಗೇ ಮುಗಿಯಿತು. ಮತ್ತೆ ತುಂಬಬೇಕೇ, ಮೇಷ್ಟ್ರೇ?

ಮಾಜಿ ಕಾರ್ಯದರ್ಶಿ (6:40)
ಫಿಲ್ಟರ್ ಹಾಕುವವರು ನಾಳೆ ಹತ್ತು ಗಂಟೆಗೆ ಬರುತ್ತಾರೆ. ಯಂತ್ರ ಹಳೆಯ ನಾಣ್ಯವನ್ನು ಮಾತ್ರ ತೆಗೆದುಕೊಳ್ಳುತ್ತದಂತೆ, ಇದ್ದವರು ಎತ್ತಿಟ್ಟುಕೊಳ್ಳಿ.